ಹಸಿ ಕಸದ ಕೂಗು

ನಮ್ಮ ಮನೆಗೆ ಹಸಿರು ಬಕೆಟ್ ಬಂದ ದಿನ ಅಮ್ಮ ಅದನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಬಿಸಿಲಿಗೆ ಬೋರಲು ಹಾಕಿ, ಒಣಗಿದ ಮೇಲೆ ಅದರ ತುಂಬ ಕುಚ್ಚಲಕ್ಕಿ ಸುರಿದು ಮುಚ್ಚಳ ಹಾಕಿಟ್ಟಳು.

“ಅಮ್ಮಾ, ಅದು ಕಸಕ್ಕೆ ಕೊಟ್ಟದ್ದು.”

“ಇಷ್ಟು ಚಂದದ ಬಾಲ್ದಿಗೆ ಕಸ ಹಾಕುದಾ? ನಿನಗೆ ತಲೆ ಸರಿ ಉಂಟಾ?”

“ಅದರ ಹೊಟ್ಟೆಯ ಮೇಲೆ ‘ಹಸಿ ಕಸ’ ಅಂತ ಬರೆದದ್ದು ಉಂಟಲ್ಲ, ನೋಡು.”

“ಅದನ್ನು ಗೋಡೆಯ ಕಡೆ ತಿರುಗಿಸಿ ಇಟ್ಟರೆ ಆಯಿತು.”

ನೀವು ನಗಬೇಡಿ. ಕಾಪುವಿನ ನಮ್ಮ ಅಡ್ಡರಸ್ತೆಯಲ್ಲಿ ಇರುವುದು ಹದಿನೆಂಟು ಮನೆ. ಹದಿನೆಂಟಕ್ಕೂ ಪುರಸಭೆಯಿಂದ ಒಂದೊಂದು ಬಕೆಟ್ ಬಂತು. ಪಕ್ಕದ ಮನೆಯ ಜಲಜಕ್ಕ ಅದರಲ್ಲಿ ಮಳೆಗಾಲಕ್ಕೆಂದು ಒಣಮೀನು ತುಂಬಿಸಿದರು. ಎದುರು ಮನೆಯ ವಾಮನಣ್ಣ ಅದನ್ನು ಬಚ್ಚಲಿಗೆ ಒಯ್ದು, ಇಷ್ಟು ದಿನ ತಾನು ಒಡಕು ಬಾಲ್ದಿಯಲ್ಲಿ ಸ್ನಾನ ಮಾಡಿದ್ದೇ ಒಂದು ಪವಾಡ ಎಂದರು. ಮೊದಲ ವಾರ ಊರಿನ ಎಲ್ಲ ವಸ್ತುಗಳೂ ಆ ಬಕೆಟ್ಟುಗಳೊಳಗೆ ಹೋದವು, ಕಸ ಒಂದನ್ನು ಬಿಟ್ಟು.

ನನ್ನ ವಿಚಾರ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಅನಾಹುತ ನಿಮಗೆ ಅರ್ಥವಾಗುವುದಿಲ್ಲ. ನಾನು ಸುಕೇಶ. ಹಗಲು ಮಣಿಪಾಲದ ಒಂದು ಮೊಬೈಲ್ ಅಂಗಡಿಯಲ್ಲಿ ಕಾಲೇಜು ಮಕ್ಕಳ ಒಡೆದ ಗಾಜು ಬದಲಿಸುತ್ತೇನೆ. ಮದುವೆಯ ಕಾಲ ಬಂದರೆ ಉಡುಪಿಯ ಮದುವೆ ಹಾಲ್‌ಗಳಲ್ಲಿ ಮೈಕ್ ಹಿಡಿದು ನಿರೂಪಣೆ ಮಾಡುತ್ತೇನೆ, ನಡುವೆ ಮಿಮಿಕ್ರಿ. ಮದುಮಗನ ಸೋದರಮಾವನ ಕೆಮ್ಮನ್ನೂ ಬಿಟ್ಟವನಲ್ಲ. ಒಮ್ಮೆ ಊಟಕ್ಕೆ ಬನ್ನಿ ಎಂದು ಅಡಿಗೆಭಟ್ಟರ ಸ್ವರದಲ್ಲಿ ಕರೆದು, ಧಾರೆಗೆ ಮೊದಲೇ ಇಡೀ ಸಭೆಯನ್ನು ಪಂಕ್ತಿಯಲ್ಲಿ ಕೂರಿಸಿದ್ದೆ. ಆ ಹಾಲ್‌ನವರು ಈಗಲೂ ನನ್ನನ್ನು ಕಂಡರೆ ಮೈಕಿನ ವಯರು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ.

ಈ ಚಾಳಿ ಶುರುವಾದದ್ದು ಕೂಡ ಒಂದು ಬಾಲ್ದಿಯ ದೆಸೆಯಿಂದಲೇ. ಕಾರ್ಕಳದ ಅಜ್ಜಿಯ ಮನೆಯ ಅಡಿಗೆಕೋಣೆಯ ಹಿಂದೆ ಅಕ್ಕಚ್ಚಿನ ಬಾಲ್ದಿ ಇರುತ್ತಿತ್ತು. ಅಕ್ಕಿ ತೊಳೆದ ನೀರು, ಗಂಜಿತಿಳಿ, ಬಾಳೆಕಾಯಿ ಸಿಪ್ಪೆ, ಹಲಸಿನ ರಚ್ಚೆ, ಮಾವಿನ ಗೊರಟು, ಎಲ್ಲವೂ ಅದರೊಳಗೆ. ಅಜ್ಜಿಗೆ ದನವಿರಲಿಲ್ಲ, ಪಕ್ಕದ ಮನೆಯವರಿಗಿತ್ತು. ಸುತ್ತಿನ ನಾಲ್ಕು ಮನೆಯ ಅಕ್ಕಚ್ಚು ಆ ಒಂದು ದನಕ್ಕೆ. ಅದು ಯಾರ ಮನೆಯದನ್ನು ಮೊದಲು ಕುಡಿಯಿತು ಎಂಬುದು ನಾಲ್ಕು ಮನೆಯ ಹೆಂಗಸರ ನಡುವೆ ದೊಡ್ಡ ಪಂದ್ಯ. ಅಜ್ಜಿ ಗುಟ್ಟಾಗಿ ಒಂದು ಚೂರು ಬೆಲ್ಲ ಹಾಕುತ್ತಿದ್ದಳು. ಕರು ಹಾಕಿದಾಗ ಅಕ್ಕಚ್ಚು ಕೊಟ್ಟ ಮನೆಗಳಿಗೆಲ್ಲ ಗಿಣ್ಣುಹಾಲು ಬರುತ್ತಿತ್ತು. ನಮ್ಮ ತಪ್ಪಲೆ ಚಿಕ್ಕದಾಗಿದ್ದರೆ ಅಜ್ಜಿ ಎರಡು ದಿನ ಆ ದನದ ಮುಖವನ್ನೂ ನೋಡುತ್ತಿರಲಿಲ್ಲ. ರಜೆಯಲ್ಲಿ ಹೋದಾಗ ನಾನು ದನದ ಹಟ್ಟಿಯ ಹಿಂದೆ ನಿಂತು ಅದರ ಹಾಗೆಯೇ ಕೂಗಿ, ನಾಲ್ಕು ಮನೆಯಿಂದಲೂ ಬಾಲ್ದಿ ಹಿಡಿದು ಹೆಂಗಸರು ಓಡಿಬರುವಂತೆ ಮಾಡುತ್ತಿದ್ದೆ. ಪೆಟ್ಟು ಬೀಳುತ್ತಿತ್ತು. ಆದರೆ ಅಜ್ಜಿ ಹೊಡೆಯುವಾಗಲೂ “ಸ್ವರ ಮಾತ್ರ ಸಾಕ್ಷಾತ್ ಅದರದ್ದೇ” ಎನ್ನುತ್ತಿದ್ದಳು. ವಿಮರ್ಶೆ ಎಂದರೆ ಹಾಗಿರಬೇಕು.

ಈಗ ದನವೂ ಇಲ್ಲ, ಹಟ್ಟಿಯೂ ಇಲ್ಲ. ಹಟ್ಟಿಯ ಜಾಗದಲ್ಲಿ ಕಾರು ನಿಲ್ಲುತ್ತದೆ, ಅದು ಗಂಜಿತಿಳಿ ಕುಡಿಯುವುದಿಲ್ಲ. ಅದಕ್ಕೇ ಈ ಬಕೆಟ್ಟು. ಅಡಿಗೆಮನೆಯ ಹಸಿ ಕಸವನ್ನು ಬೇರೆಯಾಗಿಟ್ಟು ಬೆಳಿಗ್ಗೆ ಏಳಕ್ಕೆ ಗಾಡಿಗೆ ಕೊಡಬೇಕು. ಗಾಡಿ ಅದನ್ನು ಗೊಬ್ಬರದ ಶೆಡ್ಡಿಗೆ ಒಯ್ಯುತ್ತದೆ. ಬೇರೆ ರಸ್ತೆಗಳಿಗೆ ಬೇರೆ ಗಾಡಿಗಳು ಮೊದಲೇ ಇದ್ದವು; ಈ ಹೊಸ ಗಾಡಿಗೆ ನಮ್ಮ ರಸ್ತೆಯಲ್ಲಿ ಮೊದಲ ಮೂರು ವಾರ ಪರೀಕ್ಷೆ. ಮೂರನೆಯ ಶನಿವಾರ ಮೇಲಿನವರು ಬಂದು, ರಸ್ತೆಯವರು ಸರಿಯಾಗಿ ಕೊಡುತ್ತಾರೋ ಇಲ್ಲವೋ ನೋಡಿ, ಗಾಡಿ ಇಡುವುದೋ ಬಿಡುವುದೋ ಹೇಳುತ್ತಾರೆ.

ಗಾಡಿಯ ಜೊತೆ ರೇಣುಕಾ ಬಂದಳು. ಜೊತೆ ಏನು, ಗಾಡಿ ಓಡಿಸುವವಳೇ ಅವಳು. ಬಾದಾಮಿಯ ಕಡೆಯವಳು, ಹತ್ತು ವರ್ಷದಿಂದ ಇಲ್ಲಿದ್ದಾಳೆ. ಗಂಡ ಗೋಡೆಗೆ ಸಾರಣೆ ಮಾಡುತ್ತಾನೆ. ಅವಳೂ ಮೊನ್ನೆ ಮೊನ್ನೆಯವರೆಗೆ ಅದೇ ಕೆಲಸದಲ್ಲಿ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು ಮಹಡಿ ಹತ್ತಿದವಳು. ಹೆಂಗಸರ ಸಂಘದವರು ಡ್ರೈವಿಂಗ್ ಕಲಿಸಿ ಲೈಸೆನ್ಸ್ ಮಾಡಿಸಿಕೊಟ್ಟರು. ಆ ಲೈಸೆನ್ಸನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಾಡಿಯ ಗಾಜಿಗೆ, ದೇವರ ಪಟದ ಪಕ್ಕದಲ್ಲಿಯೇ ಅಂಟಿಸಿದ್ದಾಳೆ. ಗಾಡಿಗೆ ಮೈಕು ಇನ್ನೂ ಬಂದಿರಲಿಲ್ಲ. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ.

“ಹಸೀ ಕಸಾ ತರ್ರೀ... ಅಕ್ಕಾರಽ... ಹಸೀ ಕಸಾ!”

ಮೊದಲ ದಿನ ಆ ಕೂಗು ಕೇಳಿ ನಾನು ಹಲ್ಲುಜ್ಜುತ್ತಿದ್ದವನು ಬ್ರಶ್ ಹಿಡಿದುಕೊಂಡೇ ಹೊರಗೆ ಬಂದೆ. ಕೊನೆಯ ‘ಸಾ’ ಒಂದು ಮೆಟ್ಟಿಲು ಇಳಿದು, ಮತ್ತೆ ಎರಡು ಮೆಟ್ಟಿಲು ಹತ್ತಿ ನಿಲ್ಲುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂದು ತಿಳಿಯುವುದೇ ಇಲ್ಲ. ಬಾಯಲ್ಲಿ ನೊರೆ ಇದ್ದಾಗಲೇ ನಾನು ಅಭ್ಯಾಸ ಶುರುಮಾಡಿದೆ.

ಹೆಂಗಸರನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಬಕೆಟ್ಟಿಗೆ ಅಕ್ಕಿ ತುಂಬಿಸಿದ್ದರ ಹಿಂದೆ ಜಿಪುಣತನ ಮಾತ್ರ ಅಲ್ಲ, ಸಂಕೋಚವೂ ಇತ್ತೆಂದು ನನಗೆ ಆಮೇಲೆ ತಿಳಿಯಿತು. “ನಮ್ಮ ಎಂಜಲನ್ನು ಇನ್ನೊಬ್ಬಳ ಕೈಗೆ ಕೊಡುದು ಹೇಗೆ?” ಎಂದು ಅಮ್ಮ ಮೊದಲೆರಡು ದಿನ ತಟ್ಟೆಯಲ್ಲಿ ಬರೀ ಸೌತೆಸಿಪ್ಪೆ, ಕರಿಬೇವಿನ ಕಡ್ಡಿ ಕೊಟ್ಟಳು, ಅದನ್ನೂ ತೊಳೆದು! ತೊಳೆದ ಸಿಪ್ಪೆಯನ್ನು ರೇಣುಕಾ ಎತ್ತಿ ನೋಡಿದಳು.

“ಅಕ್ಕಾರ, ಇದು ಪಲ್ಯಾ ಮಾಡೂದೇನ್ರೀ? ನನಗ ನಿಮ್ಮ ಹೊಲಸು ಬೇಕ್ರೀ, ಹೊಲಸು!”

ಅಮ್ಮ ನಕ್ಕಳು. ಅಕ್ಕಿ ಡಬ್ಬಿಗೆ ಮರಳಿತು.

ಜಲಜಕ್ಕನದು ಬೇರೆ ಕಥೆ. ಅವರು ಬಕೆಟ್ ತುಂಬ ಮರುವಾಯಿ ಚಿಪ್ಪು ಕೊಟ್ಟರು. ಸಮುದ್ರವಿಲ್ಲದ ಊರಿನಿಂದ ಬಂದು ಹತ್ತು ವರ್ಷವಾದರೂ ಮರುವಾಯಿ ಕಂಡಿರದ ರೇಣುಕಾ ಆ ಚಿಪ್ಪನ್ನು ಬೆರಳಿನಿಂದ ಬಡಿದು ನೋಡಿದಳು.

“ಅಕ್ಕಾರ, ನೀವು ಕಲ್ಲೂ ತಿಂತೀರೇನ್ರೀ?”

“ಕಲ್ಲಲ್ಲ ಮಾರಾಯ್ತಿ, ಅದರ ಒಳಗೆ ಮಾಂಸ ಉಂಟು. ನಾಳೆ ಸುಕ್ಕ ಮಾಡಿ ಕೊಡ್ತೇನೆ, ತಿಂದು ನೋಡು.”

“ಮೊದಲ ಇದನ್ನ ತಕ್ಕೋರಿ. ಇದು ಗೊಬ್ಬರ ಆಗೂದ್ರಾಗ ನನ್ನ ಮೊಮ್ಮಕ್ಕಳಿಗೆ ಮೊಮ್ಮಕ್ಕಳಾಗ್ತಾವ.”

ಅಂದಹಾಗೆ, ನಮ್ಮ ರಸ್ತೆಯ ಮನೆಮಾತು ತುಳು. ರೇಣುಕಾಳ ಗಾಡಿ ಬರುವ ಹತ್ತು ನಿಮಿಷ ಮಾತ್ರ ಎಲ್ಲರೂ ಪುಸ್ತಕ ಬಿಡಿಸಿದ ಹಾಗೆ ಕನ್ನಡ ಆಡುತ್ತಾರೆ. ನಿಮಗೆ ತೊಂದರೆಯಾಗದಿರಲೆಂದು ಉಳಿದ ಮಾತನ್ನೂ ನಾನೇ ಕನ್ನಡಕ್ಕೆ ತಂದಿದ್ದೇನೆ. ಬೈಗುಳ ಮಾತ್ರ ತರಲಿಲ್ಲ.

ಎರಡನೆಯ ವಾರಕ್ಕೆ ಬಕೆಟ್ಟು ನಮ್ಮ ರಸ್ತೆಯ ದಿನಪತ್ರಿಕೆಯಾಯಿತು. ಗಾಡಿಗೆ ಸುರಿಯುವಾಗ ಎಲ್ಲರ ಕಣ್ಣೂ ಎಲ್ಲರ ಬಕೆಟ್ಟಿನ ಮೇಲೆ. ಯಾರ ಮನೆಯಲ್ಲಿ ನಿನ್ನೆ ನೆಂಟರು, ಯಾರ ದೋಸೆ ಹೊತ್ತಿಹೋಯಿತು, ಯಾರ ಸೊಸೆಗೆ ಹಾಗಲಕಾಯಿ ಸೇರುವುದಿಲ್ಲ, ಎಲ್ಲವೂ ಅದರಲ್ಲೇ ಪ್ರಕಟ. ನನಗಂತೂ ಇಷ್ಟು ರುಚಿಯಾದ ಓದು ಹಿಂದೆಂದೂ ಸಿಕ್ಕಿರಲಿಲ್ಲ. ವಾಮನಣ್ಣ ಮಾತ್ರ ತಮ್ಮ ಬಕೆಟ್ಟಿನ ಮೇಲೆ ಬಾಳೆಲೆ ಮುಚ್ಚಿ ತರುತ್ತಿದ್ದರು. ಮೂವತ್ತು ವರ್ಷ ಗಲ್ಫಿನಲ್ಲಿ ಹೋಟೆಲು ನಡೆಸಿ ಬಂದವರು. ಹರಕೆಯ ಲೆಕ್ಕದಲ್ಲಿ ಒಂದು ತಿಂಗಳು ಮೀನು ಬಿಟ್ಟಿದ್ದೇನೆಂದು ಊರಿಗೆಲ್ಲ ಹೇಳಿದ್ದರು. ಮೀನು ಬಿಟ್ಟವರ ಬಕೆಟ್ಟಿಗೆ ಬಾಳೆಲೆಯ ಮರೆ ಏಕೆ? ನನ್ನ ಕುತೂಹಲಕ್ಕೆ ನಿದ್ದೆ ಬರುತ್ತಿರಲಿಲ್ಲ.

ಈಗ ನನ್ನ ಕೆಡುಕಿಗೆ ಬರುತ್ತೇನೆ. ಎರಡನೆಯ ವಾರದ ಭಾನುವಾರ ಸಂಜೆ ವಾಮನಣ್ಣನ ಜಗಲಿಯಲ್ಲಿ ನಾಲ್ಕು ಜನ ಸೇರಿದ್ದೆವು. ಮಾತು ತೆಗೆದದ್ದು ವಾಮನಣ್ಣನೇ.

“ಹೇ ಸುಕೇಶ, ಆ ಕಸದ ಹುಡುಗಿಯ ಕೂಗು ಒಮ್ಮೆ ತೆಗಿ ಮಾರಾಯ.”

“ಬೇಡ ವಾಮನಣ್ಣ, ಇನ್ನೂ ಸರಿ ಕೂರಲಿಲ್ಲ.”

“ಓಹೋ, ದೊಡ್ಡ ಕಲಾವಿದರು! ವೀಳ್ಯ ಕೊಟ್ಟು ಕರೀಬೇಕಾ?”

ಕಲಾವಿದ ಎಂದರೆ ನಾನು ಕರಗುತ್ತೇನೆ, ವ್ಯಂಗ್ಯಕ್ಕೆ ಹೇಳಿದರೂ. ಎದ್ದು ನಿಂತು, ಗೇಟಿನ ಕಡೆ ತಿರುಗಿ, ಒಮ್ಮೆ ಎಳೆದೆ. ಆ ಕೊನೆಯ ‘ಸಾ’ ಇಳಿದು ಹತ್ತಿ ನಿಂತಾಗ ನನಗೇ ಮೈ ಜುಮ್ಮೆಂದಿತು. ರಸ್ತೆಯ ಬಾಗಿಲುಗಳು ದಡದಡ ತೆರೆದವು. ಎಲ್ಲರಿಗಿಂತ ಮುಂದೆ ಅಮ್ಮ, ಸೀರೆಯ ಸೆರಗು ಸಿಕ್ಕಿಸಿಕೊಂಡು, ಬಕೆಟ್ ಹಿಡಿದುಕೊಂಡು. ಹಿಂದೆ ಜಲಜಕ್ಕ. ಅವರ ಹಿಂದೆ ಹತ್ತು ಮಂದಿ. ಸಂಜೆ ಆರಕ್ಕೆ ಗಾಡಿ ಏಕೆ ಬಂತೆಂದು ಯಾರಿಗೂ ಹೊಳೆಯಲಿಲ್ಲ. ಜಗಲಿಯಲ್ಲಿ ನಾವು ಹೊಟ್ಟೆ ಹಿಡಿದು ನಕ್ಕೆವು.

ಅಲ್ಲಿಗೆ ನಿಲ್ಲಿಸುವ ಬುದ್ಧಿ ಇದ್ದಿದ್ದರೆ ನಾನು ಮೊಬೈಲಿಗೆ ಗಾಜು ಅಂಟಿಸುತ್ತಾ ಇರುತ್ತಿದ್ದೆನೇ? ಅರ್ಧ ಗಂಟೆ ಬಿಟ್ಟು ಬಾವಿಕಟ್ಟೆಯ ಹಿಂದಿನಿಂದ ಇನ್ನೊಮ್ಮೆ ಕೂಗಿದೆ. ಈ ಸಲ ಕೆಲವರು, ನಿಜದ ಗಾಡಿಯೇ ಇರಬಹುದು, ಬಂದಾಗ ಬರಲಿ ಎಂದು ಬಕೆಟ್ಟುಗಳನ್ನು ಗೇಟಿನ ಹೊರಗಿಟ್ಟು ಒಳಗೆ ಹೋದರು. ಬಂದದ್ದು ನಾಯಿಗಳು. ಹೂಕೋಸಿನ ಕಾಂಡ, ಅನ್ನ, ಬಸಳೆಯ ದಂಟು ರಸ್ತೆಯ ಉದ್ದಕ್ಕೂ ಹರಡಿತು. ಒಂದು ಹಿಡಿ ಮೀನಿನ ಮುಳ್ಳು ಸರಿಯಾಗಿ ವಾಮನಣ್ಣನ ತುಳಸಿಕಟ್ಟೆಯ ಬುಡಕ್ಕೆ ಬಂದು ಬಿತ್ತು. “ಅದು ಜಲಜನ ಮನೆಯದ್ದು” ಎಂದು ಅವರು. “ನಮ್ಮಲ್ಲಿ ನಿನ್ನೆ ಮೀನೇ ಇಲ್ಲ, ಪತ್ರೊಡೆ” ಎಂದು ಜಲಜಕ್ಕ. ಕತ್ತಲಾಗುವವರೆಗೆ ಅಮ್ಮ ಮತ್ತು ಜಲಜಕ್ಕ ಹಿಡಿಸೂಡಿ ಹಿಡಿದು ರಸ್ತೆ ಗುಡಿಸಿದರು. ನಾನೂ ಗುಡಿಸಿದೆ, ಬೈಗುಳದ ಹಿಮ್ಮೇಳದಲ್ಲಿ.

ಸೋಮವಾರ ಬೆಳಿಗ್ಗೆ ಏಳಕ್ಕೆ ಕೂಗು ಕೇಳಿತು. ನಾನು ಹಾಸಿಗೆಯಲ್ಲಿದ್ದೆ.

“ಸುಕೇಶಾ, ಸಾಕು! ನಿನಗೆ ನಾಚಿಕೆ ಉಂಟಾ?” ಅಡಿಗೆಮನೆಯಿಂದ ಅಮ್ಮ.

“ನಾನಲ್ಲಮ್ಮ!”

“ನೀನಲ್ಲದೆ ಮತ್ತೆ ಯಾರು? ಸಾಕ್ಷಾತ್ ಅವಳ ಸ್ವರ!”

ಎರಡನೆಯ ಕೂಗು. ಮೂರನೆಯದು. ಪಕ್ಕದ ಮನೆಯ ಕಿಟಕಿಯಿಂದ ಜಲಜಕ್ಕನ ಸ್ವರ: “ಇವನಿಗೆ ಇವತ್ತೂ ಹುಚ್ಚು!” ನಾನು ಬಾಗಿಲಿಗೆ ಓಡಿ ಬರುವಾಗ ಗಾಡಿ ತಿರುವಿನಲ್ಲಿ ಮರೆಯಾಗುತ್ತಿತ್ತು. ಮಂಗಳವಾರವೂ ಹಾಗೆಯೇ. ಬುಧವಾರ ಕೂಗು ಬರುವಾಗ ಅಮ್ಮನ ಎದುರಿಗೇ ನಿಂತು ನಂಬಿಸಿದೆ, ಅವಳೊಬ್ಬಳು ಬಕೆಟ್ ಕೊಂಡೊಯ್ದಳು. ಹದಿನೆಂಟು ಮನೆಯಿಂದ ಒಂದು ಬಕೆಟ್. ಉಳಿದವರು ಹಿತ್ತಲಿನ ತೆಂಗಿನ ಬುಡಕ್ಕೆ ಎಸೆದು ಆಗಿತ್ತು.

ಗುರುವಾರ ಅಂಗಡಿಗೆ ತಡವಾದರೆ ಆಗಲಿ ಎಂದು ಗಾಡಿಯ ಹಿಂದೆ ಬೈಕಿನಲ್ಲಿ ಹೋದೆ. ಗೊಬ್ಬರದ ಶೆಡ್ಡಿನ ಬಾಗಿಲಲ್ಲಿ ರೇಣುಕಾ ಇಳಿದಳು. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಅವಳು ಕೈ ಕಟ್ಟಿ ಕೇಳಿದಳು.

“ಅಂದ್ರ ನನ್ನಂಗ ಒದರಿ ನನ್ನ ಗಾಡಿಗೆ ಕುತ್ತು ತಂದಿರಿ.”

“ತಮಾಷೆಗೆ...”

“ಒಮ್ಮಿ ಒದರ್ರಿ, ಕೇಳೂಣು.”

ಸಾವಿರ ಜನರ ಎದುರು ನಿಂತವನು ನಾನು. ಅವಳೊಬ್ಬಳ ಎದುರು ಎರಡು ಸಲ ಕೆಮ್ಮಿ ಶುರುಮಾಡಬೇಕಾಯಿತು. ಹೇಗೋ ಎಳೆದೆ. ಅವಳು ತಲೆಯಾಡಿಸಿದಳು.

“ಹಂಗಲ್ರೀ ಅಣ್ಣಾರ. ಕಡೀಕ ಎತ್ತೂದು ಗಂಟಲದಿಂದ ಅಲ್ಲ, ಹೊಟ್ಟೀಲಿಂದ. ನಮ್ಮವ್ವ ಓಣ್ಯಾಗ ಮೊಸರು ಮಾರ್ತಿದ್ಲು, ತಲೀ ಮ್ಯಾಲ ಗಡಗಿ. ‘ಮೊಸರಾ ತಗೋರ್ರೀ’ ಅಂತ. ತಲಿ ಅಲುಗಿದ್ರ ಮೊಸರು ಚೆಲ್ಲತೈತಿ, ಅದಕ್ಕ ಕುತ್ತಿಗಿ ನೆಟ್ಟಗ ಇಟ್ಟು ಹೊಟ್ಟೀಲಿಂದ ಕರೀತಿದ್ಲು. ಅದ ದನಿ ನಂದು.”

ಎರಡು ವಾರದಿಂದ ನಾನು ಕಸದ ಗಾಡಿಯ ಅಣಕು ಮಾಡುತ್ತಿದ್ದೇನೆಂದು ತಿಳಿದಿದ್ದೆ. ಕಾಣದ ಊರಿನ ಓಣಿಯಲ್ಲಿ ಗಡಿಗೆ ಹೊತ್ತು ನಡೆಯುತ್ತಿದ್ದ ಒಬ್ಬ ತಾಯಿಯ ಕುತ್ತಿಗೆ ಆ ಸ್ವರದೊಳಗೆ ನೆಟ್ಟಗೆ ನಿಂತಿತ್ತು. ನನಗೆ ನಗು ಬರಲಿಲ್ಲ, ನನಗೆ ಅದು ಅಪರೂಪ.

ರೇಣುಕಾ ನನ್ನನ್ನು ಒಳಗೆ ಕರೆದೊಯ್ದಳು. ಸಾಲಾಗಿ ಸಿಮೆಂಟಿನ ಗುಂಡಿಗಳು, ಒಂದೊಂದರ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ರಸ್ತೆಯ ಹೆಸರು. ಕಸದ ಮೇಲೆ ತೆಂಗಿನ ನಾರಿನ ಪುಡಿ, ತರಗೆಲೆ. “ಕೈ ಹಾಕ್ರಿ” ಎಂದಳು. ಹಾಕಿದೆ. ಬಿಸಿ! ಒಲೆಯಿಂದ ಇಳಿಸಿದ ಗಂಜಿಯಷ್ಟು ಬಿಸಿ. ಬೆಂಕಿಯಿಲ್ಲ, ಕರೆಂಟಿಲ್ಲ, ಯಾರದೋ ಸೌತೆಸಿಪ್ಪೆ ಯಾರದೋ ಅನ್ನದ ಜೊತೆ ಕೂತು ತನ್ನಷ್ಟಕ್ಕೆ ಬೇಯುತ್ತಿದೆ. ಇನ್ನೊಂದು ಗುಂಡಿಯಲ್ಲಿ ಅದೇ ಕಸ ಕಪ್ಪಗೆ, ಪುಡಿಪುಡಿಯಾಗಿ, ಬಾಳೆಬುಡದ ಮಣ್ಣಿನ ವಾಸನೆ ಹೊತ್ತು ಕೂತಿತ್ತು. ಎಷ್ಟು ದಿನಕ್ಕೆ ಹೀಗಾಗುತ್ತದೆ, ಹುಳ ಯಾವಾಗ ಬರುತ್ತದೆ, ನಿಂಬೆಸಿಪ್ಪೆ ಏಕೆ ಹಠ ಮಾಡುತ್ತದೆ ಎಂದು ನಾನು ಕೇಳುತ್ತಲೇ ಇದ್ದೆ. ಕೊನೆಯ ಗುಂಡಿಯ ಮೇಲೆ ನಮ್ಮ ರಸ್ತೆಯ ಹೆಸರಿತ್ತು, ಈ ವಾರದ ಕಸಕ್ಕೆಂದು ತೆರೆದದ್ದು. ಅದರ ತಳ ಕಾಣುತ್ತಿತ್ತು. ಕೈ ಹಾಕಿದೆ. ತಣ್ಣಗಿತ್ತು.

“ಶನಿವಾರ ಸಾಹೇಬ್ರು ಬರ್ತಾರ್ರೀ. ಹಿಂಗ ಇದ್ರ ಗಾಡಿ ನಿಲ್ಲಸ್ತಾರ. ಇದ್ದ ಗಾಡಿಗಳಿಗೆಲ್ಲಾ ಡ್ರೈವರ್ ಅದಾರ. ನನಗ ಮತ್ತ ಬುಟ್ಟಿನ.” ಅವಳು ಬೈಯಲಿಲ್ಲ. ನೆತ್ತಿಯನ್ನು ಒಮ್ಮೆ ಸವರಿಕೊಂಡಳು. ಕೂದಲು ತೆಳುವಾದ ಒಂದು ದುಂಡನೆಯ ಜಾಗ ಅಲ್ಲಿತ್ತು. ಬೈದಿದ್ದರೇ ಚೆನ್ನಾಗಿತ್ತು.

ಶುಕ್ರವಾರ ಸಂಜೆ ಮನೆಮನೆಗೆ ಹೋದೆ. “ನಾಳೆ ಕೂಗುವುದು ಅವಳೇ” ಎಂದರೆ, “ಹೌದೌದು, ನಾವು ಬಕೆಟ್ ಹಿಡಿದು ಬರ್ತೇವೆ, ನೀನು ವಿಡಿಯೋ ತೆಗಿ” ಎಂದು ಬಾಗಿಲು ಹಾಕಿದರು. ನಾನು ಗಂಭೀರವಾದಷ್ಟೂ ಅವರಿಗೆ ನಗು ಹೆಚ್ಚು. “ಗಂಭೀರ ಮುಖದ್ದು ಯಾರ ಮಿಮಿಕ್ರಿ ಮಾರಾಯ? ಚೆಂದ ಉಂಟು” ಎಂದರು ವಾಮನಣ್ಣ.

ಶನಿವಾರ ಏಳಕ್ಕೆ ರಸ್ತೆಯ ಬಾಯಲ್ಲಿ ಗಾಡಿಗಾಗಿ ಕಾದು ನಿಂತೆ. ಗಾಡಿಯ ಹಿಂದೆ ಸ್ಕೂಟರಿನಲ್ಲಿ ಸಾಹೇಬರು, ಕೈಯಲ್ಲಿ ಪುಸ್ತಕ. ರೇಣುಕಾ ಕರೆದಳು, ಹೊಟ್ಟೆಯಿಂದ, ನಾಲ್ಕು ಸಲ. ಒಂದು ಕಾಗೆ ಬಂತು. ಆಮೇಲೆ ಅಮ್ಮ. ಅಷ್ಟೆ. ಸಾಹೇಬರು ವಾಚು ನೋಡಿದರು.

ನಾನು ಗಂಟಲಲ್ಲಿ ಹುಡುಕಾಡಿದೆ. ವಾಮನಣ್ಣನ ಸ್ವರದಲ್ಲಿ ಕರೆಯಲೇ? ಬಸ್ಸಿನ ಕಂಡಕ್ಟರನಂತೆ? ಎಲ್ಲವನ್ನೂ ಈ ರಸ್ತೆ ಕೇಳಿದೆ. ಯಾವುದನ್ನು ತೆಗೆದರೂ ‘ಸುಕೇಶ’ ಎಂದು ಗುರುತು ಹಿಡಿಯುತ್ತಾರೆ.

“ನಿಮ್ಮ ದನೀಲೆ ಕರೀರಲ್ಲ” ಎಂದಳು ರೇಣುಕಾ, ಮೆಲ್ಲಗೆ.

ನನ್ನದು? ಅದು ಹೇಗಿತ್ತು? ಬಾಯಿ ತೆರೆದು ಬಂದದ್ದನ್ನು ಬಿಟ್ಟೆ.

“ಬಾಲ್ದಿ ತನ್ನಿ! ಗಾಡಿ ಬಂದಿದೆ!”

ತೆಳ್ಳಗಿತ್ತು. ನಡುವೆ ಒಡೆದೂ ಹೋಯಿತು. ಮೊದಲು ಜಲಜಕ್ಕನ ಕಿಟಕಿ ತೆರೆಯಿತು, ಮತ್ತೆ ಬಾಗಿಲು. ಆಚೆಮನೆಯವರು, ಈಚೆಮನೆಯವರು. ಕೈಯಲ್ಲಿ ಬಕೆಟ್ ಇಲ್ಲ, ಮುಖದಲ್ಲಿ ಕುತೂಹಲ.

“ಯಾರದು? ಯಾರಿಗೆ ಎಂತ ಆಯಿತು?” ಜಲಜಕ್ಕ ಗೇಟಿಗೆ ಬಂದು ನೋಡಿ ನಿಂತುಬಿಟ್ಟರು. “ನೀನಾ? ನಿನ್ನ ಸ್ವರ ಹೀಗಾ? ಹೈಸ್ಕೂಲಿನ ನಂತರ ನಾನು ಕೇಳಿಯೇ ಇಲ್ಲ!”

“ಜ್ವರ ಉಂಟಾ?” ಎಂದರು ವಾಮನಣ್ಣ.

“ಭಾನುವಾರ ಕೂಗಿದ್ದು ನಾನು” ಎಂದೆ. “ಸೋಮವಾರದಿಂದ ಕೂಗಿದ್ದು ಇವರು. ಇವರು ಕರೆದದ್ದನ್ನು ನೀವು ಕೇಳದ ಹಾಗೆ ಮಾಡಿದ್ದು ನಾನು. ಇವತ್ತು ಬಕೆಟ್ ಬಾರದಿದ್ದರೆ ಗಾಡಿ ನಿಲ್ತದೆ, ಇವರು ಮತ್ತೆ ಸಿಮೆಂಟ್ ಹೊರಬೇಕು. ನನ್ನ ತಮಾಷೆಗೆ ಇವರು ಯಾಕೆ ಹೊರಬೇಕು?”

ಮಾತು ಮುಗಿದ ಮೇಲೆ ಯಾರೂ ನಗಲಿಲ್ಲ. ನನ್ನ ಜೀವನದ ಅತಿ ದೊಡ್ಡ ಸೋಲು ಅದು, ಮೈಕಿನ ಲೆಕ್ಕದಲ್ಲಿ. ಜಲಜಕ್ಕ ಒಳಗೆ ಹೋದರು. ಬಕೆಟ್ ಹಿಡಿದು ಬಂದರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಒಳಗೆ ಹೋದರು, ಬಂದರು. ಸಾಹೇಬರು ಮುಚ್ಚಳ ತೆಗೆದು ತೆಗೆದು ನೋಡಿದರು.

ವಾಮನಣ್ಣ ಮಾತ್ರ ಗೇಟಿನಲ್ಲಿ ಕೈಕಟ್ಟಿ ನಿಂತಿದ್ದರು. ಹದಿನೇಳು ಬಕೆಟ್ ಬಂದಿದ್ದವು. ಎಲ್ಲರೂ ಅವರನ್ನೇ ನೋಡಿದರು. ರೇಣುಕಾಳೂ ನೋಡಿದಳು. ಅವರು ಒಳಗೆ ಹೋಗಿ ಬಕೆಟ್ ತಂದರು, ಈ ಸಲ ಬಾಳೆಲೆ ಮುಚ್ಚಲು ಮರೆತರೋ, ಬೇಕೆಂದೇ ಬಿಟ್ಟರೋ ತಿಳಿಯದು. ಮೇಲೆಯೇ ಎರಡು ಬಂಗುಡೆ ಮೀನಿನ ತಲೆ, ಕಣ್ಣು ಬಿಟ್ಟುಕೊಂಡು.

“ಹರಕೆ?” ಎಂದರು ಜಲಜಕ್ಕ.

“ದೇವರಿಗೆ ಗೊತ್ತುಂಟು, ನಿಮಗೆ ಹೇಳಬೇಕೆಂದು ಇಲ್ಲ” ಎಂದು ವಾಮನಣ್ಣ ಗಾಡಿಗೆ ಸುರಿದರು. “ಬೇಗ ಬರ್ಕೊಳ್ಳಿ ಸರ್, ಮೀನೂ ಗೊಬ್ಬರ ಆಗ್ತದಲ್ಲ?”

“ಒಳ್ಳೆಯದಾಗ್ತದೆ” ಎಂದರು ಸಾಹೇಬರು. ಪುಸ್ತಕದಲ್ಲಿ ಏನೋ ಬರೆದರು, ರೇಣುಕಾಳ ಕಡೆ ತಿರುಗಿ, “ಈ ರಸ್ತೆ ಇರಲಿಯಮ್ಮಾ” ಎಂದು ಸ್ಕೂಟರು ಹತ್ತಿದರು. ರೇಣುಕಾ ಗಾಡಿಯ ಗಾಜಿನ ಮೇಲಿದ್ದ ಲೈಸೆನ್ಸಿನ ಧೂಳನ್ನು ಸೆರಗಿನಿಂದ ಒರೆಸಿದಳು. ಅಲ್ಲಿ ಧೂಳೇನೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಮತ್ತೆ ಆ ಕೂಗು. ಇಡೀ ರಸ್ತೆ ಒಂದು ಕ್ಷಣ ಉಸಿರು ಬಿಗಿಹಿಡಿದದ್ದು ನನಗೆ ಹಾಸಿಗೆಯಲ್ಲೇ ತಿಳಿಯಿತು. ಅಮ್ಮ ನನ್ನ ಕೋಣೆಯ ಬಾಗಿಲು ತಳ್ಳಿ ಬಂದಳು, ಬಗ್ಗಿ ನನ್ನ ಬಾಯಿ ಮುಚ್ಚಿದೆಯೇ ಎಂದು ನೋಡಿದಳು. ಮುಚ್ಚಿತ್ತು. ಕಿಟಕಿಯಿಂದ ಜಲಜಕ್ಕನಿಗೆ, “ಇವನಲ್ಲ, ಅವಳೇ!” ಎಂದು ಕೂಗಿ ಹೇಳಿ, ಬಕೆಟ್ ಎತ್ತಿಕೊಂಡು ಓಡಿದಳು.